11-4 ಅಂತೆ ನಮ್ಮ ಜೈಂಟ್ಸ್: ಆರಂಭಶೂರತ್ವವಾ, ನಿಜವಾಗ್ಲೂ ತಂಡ ಸರಿಹೋಗಿದೆಯಾ?

ಸನ್ನಿವೇಲ್ ಎಡಗೈ | ಸೋಮವಾರ, ಏಪ್ರಿಲ್ 14, 2025

ಮೊದಲ ಮೀಟಿಂಗ್‌ಗೆ ಇನ್ನೂ ಸ್ವಲ್ಪ ಹೊತ್ತಿದೆ, ಅಷ್ಟರಲ್ಲಿ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ. ನಿನ್ನೆ ನನಗೆ ಡಬಲ್ ಹಬ್ಬ. ಬೆಳಗಿನ ಜಾವ 3 ಗಂಟೆಗೆ ಎದ್ದು, ಹೆಂಡತಿ ಬೈದರೂ ಕೇಳದೆ, ಜೈಪುರದಲ್ಲಿ ಹಸಿರು ಜೆರ್ಸಿ ಹಾಕಿದ ಆರ್‌ಸಿಬಿ ರಾಜಸ್ಥಾನವನ್ನು 9 ವಿಕೆಟ್‌ಗಳಿಂದ ಸೋಲಿಸಿದ್ದು ನೋಡಿದೆ. ಒಂದು ನಿದ್ದೆ ಮುಗಿಸಿ ಹತ್ತೂವರೆಗೆ ಮತ್ತೆ ಅದೇ ಸೋಫಾ. ನ್ಯೂಯಾರ್ಕಿನಲ್ಲಿ ನಮ್ಮ ಬೇಸ್‌ಬಾಲ್ ತಂಡ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ನ ಜಂಗ್ ಹೂ ಲೀ ಎರಡು ಹೋಮ್ ರನ್ (ನಮ್ಮ ಸಿಕ್ಸರ್ ಥರ) ಬಾರಿಸಿದ. ಎರಡೂ ಕಾರ್ಲೋಸ್ ರೋಡಾನ್ ಎಸೆತಕ್ಕೆ, 2022ರಲ್ಲಿ ನಮ್ಮಲ್ಲೇ ಇದ್ದ ಅದೇ ರೋಡಾನ್. 5-4ರಲ್ಲಿ ಗೆದ್ದೆವು. ಯಾಂಕೀಸ್ ಮನೆಗೇ ಹೋಗಿ ಮೂರರಲ್ಲಿ ಎರಡು ಎತ್ತಿಕೊಂಡು ಬಂದೆವು. ಈಗ ಲೆಕ್ಕ 11 ಗೆಲುವು, 4 ಸೋಲು.

ವಾಟ್ಸಾಪ್ ಗುಂಪಿನಲ್ಲಿ ಆಗಲೇ "ಈ ಸಲ ಕಪ್ ನಮ್ದೇ" ಶುರುವಾಗಿದೆ. ಯಾವ ಕಪ್ಪು ಮಾರಾಯ್ರೇ ಅಂತ ಕೇಳಿದರೆ "ಎರಡೂ" ಅಂತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದರಲ್ಲಿ ನಮ್ಮನ್ನು ಮೀರಿಸೋರು ಯಾರಿದ್ದಾರೆ.

ನಾನು ಹೇಳೋದು ಇಷ್ಟೇ. ನಮ್ಮ ತಲೆಯಲ್ಲಿ ಕೂತಿರುವ ಅಳತೆಕೋಲೇ ಈ ಆಟಕ್ಕೆ ಹೊಂದಲ್ಲ. ಐಪಿಎಲ್‌ನಲ್ಲಿ ಲೀಗ್ ಅಂದರೆ ತಂಡಕ್ಕೆ 14 ಪಂದ್ಯ. ಅದರಲ್ಲಿ 11 ಗೆದ್ದರೆ ಪ್ಲೇಆಫ್ ಚಿಂತೆ ಬಿಟ್ಟು ಹಾಯಾಗಿ ಮಲಗಬಹುದು. ಜೈಂಟ್ಸ್ ಆಗಲೇ 15 ಆಡಿದೆ, ಅಂದರೆ ಒಂದು ಇಡೀ ಐಪಿಎಲ್ ಲೀಗು ಮುಗಿಸಿ ಮೇಲೊಂದು ಆಡಿದ ಹಾಗೆ. ಆದರೆ ಇಲ್ಲಿ ಒಂದು ಸೀಸನ್‌ಗೆ 162 ಪಂದ್ಯ, ಇನ್ನೂ 147 ಬಾಕಿ ಇದೆ! ಆಡಿರೋದು ನೂರಕ್ಕೆ ಒಂಬತ್ತು ಭಾಗ. ನಮ್ಮ ಮೈಗೆ "ಲೀಗ್ ಮುಗೀತು, ಗೆದ್ವಿ" ಅಂತ ಅನಿಸುವ ಹೊತ್ತಿಗೆ ಇಲ್ಲಿ ಇನ್ನೂ ಉಪ್ಪು, ಕೋಸಂಬರಿ ಬಡಿಸ್ತಾ ಇದ್ದಾರೆ.

ಹಾಗಾಗಿ ಎಷ್ಟು ಗೆದ್ದರು ಅನ್ನೋದನ್ನ ನಾನು ನೋಡ್ತಾ ಇಲ್ಲ, ಹೇಗೆ ಗೆದ್ದರು ಅನ್ನೋದನ್ನ ನೋಡ್ತಿದ್ದೇನೆ. ಅಲ್ಲಿ ಸ್ವಲ್ಪ ಖುಷಿ ಇದೆ, ಸ್ವಲ್ಪ ಹೆದರಿಕೆಯೂ ಇದೆ.

ಖುಷಿ ಮೊದಲು. ಮಾರ್ಚ್ 27ಕ್ಕೆ ಸಿನ್ಸಿನಾಟಿಯಲ್ಲಿ ಮೊದಲ ಪಂದ್ಯ, ಕೊನೆಯ ಒಂಬತ್ತನೇ ಇನಿಂಗ್ಸಿಗೆ ಬಂದಾಗ ನಾವು ಹಿಂದೆ. ಪ್ಯಾಟ್ರಿಕ್ ಬೇಲಿ ಸಮ ಮಾಡಿದ, ವಿಲ್ಮರ್ ಫ್ಲೋರೆಸ್ ಮೂರು ರನ್ನಿನ ಹೋಮ್ ರನ್ ಹೊಡೆದ, 6-4. ಏಪ್ರಿಲ್ 4ಕ್ಕೆ ಸಿಯಾಟಲ್ ವಿರುದ್ಧ ಮನೆಯ ಮೊದಲ ಪಂದ್ಯ, 11 ಇನಿಂಗ್ಸ್, 10-9, ಕೊನೆಯ ಹೊಡೆತ ವಿಲ್ಲಿ ಅಡಾಮೆಸ್‌ದು. ಎರಡು ದಿನ ಬಿಟ್ಟು ಫ್ಲೋರೆಸ್ ಮತ್ತೆ ಅದೇ ಕೆಲಸ ಮಾಡಿದ. ಆಮೇಲೆ 9ನೇ ತಾರೀಖು ರೆಡ್ಸ್ ಎದುರು ಐದು ರನ್ ಹಿಂದಿದ್ದ ಪಂದ್ಯ, ಹತ್ತನೇ ಇನಿಂಗ್ಸಲ್ಲಿ ಮೈಕ್ ಯಸ್ತ್ರೆಮ್ಸ್ಕಿ ಚೆಂಡನ್ನು ಬಲಗಡೆ ಗೋಡೆ ದಾಟಿಸಿ ನೇರ ನೀರಿಗೇ ಹಾಕಿದ. ಹಾಗೆ ಮೈದಾನದ ಪಕ್ಕದ ಮೆಕೋವಿ ಕೋವ್ ನೀರಿಗೆ ಬಿದ್ದ ಹೊಡೆತ ಪಂದ್ಯವನ್ನೇ ಮುಗಿಸೋದು ಬಹಳ ಅಪರೂಪ.

ಏಪ್ರಿಲ್ 4ರ ಪಂದ್ಯಕ್ಕೆ ನಾನಿದ್ದೆ. ಮೇಲಿನ ಅಂತಸ್ತು, ಬೆನ್ನಿಗೆ ಗಾಳಿ, ಮಗಳ ಸ್ವೆಟರನ್ನೇ ಮಂಡಿ ಮೇಲೆ ಹಾಕ್ಕೊಂಡು ಕೂತಿದ್ದೆ. ಬೆಳ್ಳುಳ್ಳಿ ಫ್ರೈಸ್ ಆರಿ ರಟ್ಟಿನ ಹಾಗಾಗಿತ್ತು. ಸಮುದ್ರದ ಹಕ್ಕಿಗಳು ಏಳನೇ ಇನಿಂಗ್ಸಿಂದಲೇ ಸೀಟಿನ ಕೆಳಗೆ ಇಣುಕೋಕೆ ಶುರು ಮಾಡಿದ್ವು, ಅವಕ್ಕೇನು ಗೊತ್ತು ಪಂದ್ಯ ಹನ್ನೊಂದಕ್ಕೆ ಹೋಗುತ್ತೆ ಅಂತ. 9-8ರಲ್ಲಿ ಹಿಂದಿದ್ದಾಗ ನನ್ನ ಮುಂದಿನ ಸಾಲಿನ ಅಜ್ಜ ಒಬ್ಬರು ಸ್ಕೋರು ಬರೆಯೋ ಪುಸ್ತಕ ಮಡಚಿ ಚೀಲಕ್ಕೆ ಹಾಕಿದರು. ಅಡಾಮೆಸ್ ಹೊಡೆದ, ಇಬ್ಬರು ಓಡಿ ಬಂದರು, ಎಲ್ಲರೂ ಕುಣೀತಿದ್ದಾರೆ. ಅಜ್ಜ ಮಾತ್ರ ಚೀಲ ತೆರೆದು ಪುಸ್ತಕ ಹುಡುಕಿ ಕನ್ನಡಕ ಹಾಕ್ಕೊಂಡು ಆ ಒಂದು ಸಾಲು ಬರೆದರು. ಆಮೇಲೆ ಎದ್ದು ಚಪ್ಪಾಳೆ.

ಹೆದರಿಕೆ ಎಲ್ಲಿ ಅಂದರೆ ಈ ಕಥೆಗಳಲ್ಲೇ. 10-9, 5-4, ಮತ್ತೆ 5-4. ಒಂದೊಂದು ರನ್ನಿನ ಗೆಲುವು. ಇಂಥ ಪಂದ್ಯದಲ್ಲಿ ತಂಡದ ಗುಣ ಎಷ್ಟೋ, ಅದೃಷ್ಟವೂ ಅಷ್ಟೇ. ಮೇಯಲ್ಲಿ ಇದೇ ಮೂರು ಪಂದ್ಯ ಉಲ್ಟಾ ಹೊಡೆದರೆ ಇದೇ ಗುಂಪಿನವರು ಮ್ಯಾನೇಜರ್ ಬಾಬ್ ಮೆಲ್ವಿನ್ ರಾಜೀನಾಮೆ ಕೇಳ್ತೀರಿ, ಬರೆದಿಟ್ಟುಕೊಳ್ಳಿ.

ಪಿಚಿಂಗ್, ಅಂದರೆ ಇಲ್ಲಿನ ಬೌಲಿಂಗ್ ವಿಷಯ. ಲೋಗನ್ ವೆಬ್ ಬಗ್ಗೆ ಮಾತೇ ಬೇಡ, ಚಿನ್ನ. 2023ರಲ್ಲಿ 216 ಇನಿಂಗ್ಸ್, ಕಳೆದ ವರ್ಷ 204 ದಾಟಿದ, ಎರಡು ವರ್ಷವೂ ನಾವಿರುವ ನ್ಯಾಷನಲ್ ಲೀಗಿನಲ್ಲಿ ಅವನದೇ ಜಾಸ್ತಿ. ಬೆಂಕಿ ವೇಗ ಇಲ್ಲ. ಚೆಂಡು ಕೊನೇ ಗಳಿಗೆಯಲ್ಲಿ ಕೆಳಗೆ ಜಾರುತ್ತೆ, ಹೊಡೆದವನು ನೆಲಕ್ಕೇ ಹೊಡೀತಾನೆ. ಅವನ ಹಿಂದೆ ಯಾರು ಅನ್ನೋದೇ ಪ್ರಶ್ನೆ. ರಾಬಿ ರೇ ಗೆಲ್ತಿದ್ದಾನೆ ನಿಜ, ಆದರೆ ಪುಕ್ಕಟೆ ವಾಕ್ (ಬ್ಯಾಟರ್‌ಗೆ ಹೊಡೆಯದೇ ಮೊದಲ ಬೇಸ್) ಹಂಚೋದು ಜಾಸ್ತಿ. ಜಸ್ಟಿನ್ ವರ್ಲ್ಯಾಂಡರ್‌ಗೆ 42 ವರ್ಷ. ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಮೂರು, 262 ಗೆಲುವು, ದೊಡ್ಡ ಮನುಷ್ಯ, ಕೈ ಮುಗಿಯೋಣ. ಆದರೆ 263ನೇದು ಇನ್ನೂ ಬಂದಿಲ್ಲ. ಏಪ್ರಿಲ್ 4ಕ್ಕೆ ಮೂರನೇ ಇನಿಂಗ್ಸ್ ಕೂಡ ಮುಗಿಸಲಿಲ್ಲ. ಶುರು ಮಾಡಿದವನು ಬೇಗ ಹೋದಷ್ಟೂ ಬುಲ್‌ಪೆನ್, ಅಂದರೆ ಆಮೇಲೆ ಬರುವ ಪಿಚರ್‌ಗಳ ಮೇಲೆ ಭಾರ. ಏಪ್ರಿಲ್‌ನಲ್ಲಿ ಟೈಲರ್ ರೋಜರ್ಸ್, ರಯಾನ್ ವಾಕರ್, ಡೊವಾಲ್ ಎಲ್ಲ ಹೊತ್ತುಕೊಂಡರು ಸರಿ. ಆಗಸ್ಟಲ್ಲಿ ಅವರ ತೋಳಿನಲ್ಲಿ ಏನು ಉಳಿದಿರುತ್ತೆ?

ಬ್ಯಾಟಿಂಗಲ್ಲಿ ಫ್ಲೋರೆಸ್, ಲೀ, ಯಸ್ತ್ರೆಮ್ಸ್ಕಿ ಈ ಮೂವರೇ ಎಳೀತಿದ್ದಾರೆ. 7 ವರ್ಷಕ್ಕೆ 182 ಮಿಲಿಯನ್ ಡಾಲರ್ ಕೊಟ್ಟು ತಂದ ಅಡಾಮೆಸ್ ಆ ಒಂದು ಸಂಜೆ ಬಿಟ್ಟರೆ ಇನ್ನೂ ಮೈ ಚಳಿ ಬಿಟ್ಟಿಲ್ಲ. ಲಾಮಾಂಟ್ ವೇಡ್‌ಗೆ ಬ್ಯಾಟಿಗೆ ಚೆಂಡೇ ಸಿಗ್ತಿಲ್ಲ. ಅಡಾಮೆಸ್ ಸರಿಹೋಗ್ತಾನೆ, ಕಳೆದ ವರ್ಷ ಮಿಲ್ವಾಕಿಯಲ್ಲಿ 32 ಹೋಮ್ ರನ್ ಹೊಡೆದವನು ಒಂದು ತಿಂಗಳಲ್ಲಿ ಆಟ ಮರೆಯಲ್ಲ. ವೇಡ್ ಬಗ್ಗೆ ನನಗೆ ಅಷ್ಟು ಧೈರ್ಯ ಇಲ್ಲ.

ನನ್ನ ಅಂದಾಜು 85 ಗೆಲುವು. ಉಳಿದ 147ರಲ್ಲಿ 74-73 ಆಡಿದರೂ 85 ಆಗುತ್ತೆ. 2023ರಲ್ಲಿ 84 ಗೆದ್ದ ಅರಿಜೋನಾ ಪ್ಲೇಆಫ್ ಒಳಗೆ ನುಗ್ಗಿ ಫೈನಲ್ ಆದ ವರ್ಲ್ಡ್ ಸೀರೀಸ್ ತನಕ ಹೋಯ್ತು. ಕಳೆದ ವರ್ಷ ಅದೇ ಅರಿಜೋನಾ 89 ಗೆದ್ದೂ ಮನೆಯಲ್ಲಿ ಕೂತಿತು. ಈಗ ಬೈಯಿರಿ.

—

ಗೆದ್ದೆತ್ತಿನ ಬಾಲ

ಗುರು, ನೀವು ಪಾಯಸದಲ್ಲಿ ಕಲ್ಲು ಹುಡುಕೋ ಜಾತಿ. ಮೂರು ವರ್ಷ ಏನು ನೋಡಿದ್ವಿ? 81-81, 79-83, 80-82. ಚಹಾಗೆ ಸಕ್ಕರೆ ಹಾಕಿದ್ರೋ ಇಲ್ವೋ ಅಂತ ಗೊತ್ತಾಗದ ತಂಡ. ಈಗ ಮೊದಲ ಸಲ ಏಳನೇ ಇನಿಂಗ್ಸ್ ಆದ ಮೇಲೂ ಟೀವಿ ಆಫ್ ಮಾಡೋಕೆ ಮನಸ್ಸು ಬರ್ತಿಲ್ಲ. 2021ರಲ್ಲಿ 107 ಗೆಲ್ತಾರೆ ಅಂತ ಏಪ್ರಿಲ್‌ನಲ್ಲಿ ಯಾರು ಹೇಳಿದ್ರು? ಆಗಲೂ "ಇದು ಬರೀ ಶುರು" ಅಂತ ಹೇಳ್ತಾ ಹೇಳ್ತಾ ಸೆಪ್ಟೆಂಬರ್ ಬಂದುಬಿಡ್ತು. ನಮ್ಮ ಹಳೇ ಕ್ಯಾಚರ್ ಬಸ್ಟರ್ ಪೋಸಿ ಈಗ ತಂಡ ಕಟ್ಟೋ ಕುರ್ಚಿಯಲ್ಲಿ ಕೂತಿದ್ದಾನೆ. ವರ್ಲ್ಡ್ ಸೀರೀಸ್ ಗೆದ್ದ ಮೂರು ಉಂಗುರ ಹಾಕಿದ ಕೈ ಅದು. ಮ್ಯಾಟ್ ಚಾಪ್‌ಮನ್ ಬಿಟ್ಟುಹೋಗದ ಹಾಗೆ ನೋಡಿಕೊಂಡ, ಅಡಾಮೆಸ್‌ನ ತಂದ. ಲೆಕ್ಕ ಬಿಡಿ ಸಾರ್, ಆಟ ನೋಡಿ.

—

ಸನ್ನಿವೇಲ್ ಎಡಗೈ

ನಿಮ್ಮ ಹೆಸರೇ ಗೆದ್ದೆತ್ತಿನ ಬಾಲ, ನಿಮ್ಮ ಜೊತೆ ಏನು ವಾದ ಮಾಡಲಿ. 2021 ಹೇಳಿದ್ರಿ, 2016 ಯಾಕೆ ಹೇಳಲಿಲ್ಲ? ಜುಲೈ ಮಧ್ಯದಲ್ಲಿ 57-33. ಇಡೀ ಮೇಜರ್ ಲೀಗಿನಲ್ಲಿ ನಮ್ಮದೇ ಒಳ್ಳೆಯ ಲೆಕ್ಕ. ಆಮೇಲೆ 30-42. ಅದು 15 ಪಂದ್ಯದ ಕಥೆ ಅಲ್ಲ, 90 ಪಂದ್ಯದ ಕಥೆ! 90 ಪಂದ್ಯವೇ ಕೈಕೊಟ್ಟ ಮೇಲೆ 15ನ್ನ ನಾನು ಹೇಗೆ ನಂಬಲಿ. ಟ್ಯಾಂಪಾ 2023ರಲ್ಲಿ 13-0 ಶುರು ಮಾಡಿ 99 ಗೆದ್ದು ಮೊದಲ ಸುತ್ತಲ್ಲೇ ಎರಡು ಪಂದ್ಯ ಸೋತು ಮನೆಗೆ ಹೋಯ್ತು. ಮಿಲ್ವಾಕಿ 1987ರಲ್ಲಿ 13-0 ಮಾಡಿಯೂ ಪ್ಲೇಆಫ್ ನೋಡಲಿಲ್ಲ.

ಟೀವಿ ಆಫ್ ಮಾಡೋಕೆ ಮನಸ್ಸು ಬರ್ತಿಲ್ಲ ಅಂದ್ರಲ್ಲ, ಅದನ್ನ ಮಾತ್ರ ಪೂರ್ತಿ ಒಪ್ತೀನಿ.

—

ಇರ್ವೈನ್ ಅಳಿಯ

ಎಲ್ಲರಿಗೂ ನಮಸ್ಕಾರ, ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ನೀಲಿ ಬಣ್ಣದ ಕಡೆಯಿಂದ. ನಿಮ್ಮ 11-4 ಚೆನ್ನಾಗಿದೆ. ನಮ್ಮವರು ಟೋಕಿಯೋದಲ್ಲಿ ಶುರು ಮಾಡಿ ಮೊದಲ ಎಂಟೂ ಗೆದ್ದರು, ಅದನ್ನೂ ಯಾರಾದರೂ ಬರೀರಪ್ಪ. ಸ್ಯಾನ್ ಡಿಯೇಗೋ ಮೊದಲ ಏಳು ಗೆದ್ದಿತು. ಒಂದೇ ಕೇರಿಯಲ್ಲಿ ಮೂರು ಮನೆಯಲ್ಲಿ ಮದುವೆ, ಯಾರ ಮನೆಗೆ ಊಟಕ್ಕೆ ಹೋಗೋದು? ಕಳೆದ ವರ್ಷದವರೆಗೆ ನಿಮ್ಮಲ್ಲಿದ್ದ ಬ್ಲೇಕ್ ಸ್ನೆಲ್ ಈಗ ನಮ್ಮಲ್ಲಿ, ಅದೂ 182 ಮಿಲಿಯನ್‌ಗೇ. ಒಂದೇ ದುಡ್ಡು. ನೀವು ಅಡಾಮೆಸ್ ಅನ್ನೋ ಶಾರ್ಟ್‌ಸ್ಟಾಪ್ ಕೊಂಡ್ರಿ, ನಾವು ಪಿಚರ್ ಕೊಂಡ್ವಿ. ಅಕ್ಟೋಬರಲ್ಲಿ ಮಾತಾಡೋಣ.

—

ಗೆದ್ದೆತ್ತಿನ ಬಾಲ

ಅಳಿಯಂದಿರೇ, ಸ್ನೆಲ್ ಎರಡು ಸಲ ಪಿಚ್ ಮಾಡಿ ಭುಜ ಹಿಡ್ಕೊಂಡು ಕೂತಿದ್ದಾನೆ. ಕೊಂಡ ಸಾಮಾನಿನ ಗ್ಯಾರಂಟಿ ಕಾರ್ಡ್ ಇಟ್ಕೊಂಡಿದ್ದೀರಾ?

—

ಹೇವರ್ಡ್ ಅಕ್ಕ

ಗಂಡಸರೆಲ್ಲ ಲೆಕ್ಕ ಹಾಕ್ತಾ ಕೂತಿರಿ, ನಾನು ಲೀ ಬಗ್ಗೆ ಎರಡು ಮಾತು ಹೇಳಿ ಹೋಗ್ತೀನಿ. ನನ್ನ ಮಗಳು ಸಾಫ್ಟ್‌ಬಾಲ್ ಆಡ್ತಾಳೆ, ಅವಳಿಂದ ನನಗೂ ಹುಚ್ಚು ಹಿಡಿದಿದ್ದು.

ಕಳೆದ ವರ್ಷ ಮೇ ತಿಂಗಳಲ್ಲಿ ಈ ಹುಡುಗ ಚೆಂಡಿನ ಹಿಂದೆ ಓಡಿ ಗೋಡೆಗೆ ಗುದ್ದಿಕೊಂಡು ಭುಜ ಕಿತ್ತುಕೊಂಡ. ಬರೀ 37 ಪಂದ್ಯ ಆಡಿ ವರ್ಷ ಮುಗೀತು. ಆವಾಗ ಎಷ್ಟು ಜನ ಬೈದ್ರು, 113 ಮಿಲಿಯನ್ ನೀರಿಗೆ ಹಾಕಿದ್ರು ಅಂತ. ಇದೇ ಗುಂಪಿನಲ್ಲೂ ಬೈದೋರಿದ್ದಾರೆ, ಹೆಸರು ಹೇಳಲ್ಲ. ಈಗ ಯಾಂಕೀಸ್ ಸ್ಟೇಡಿಯಮ್ಮಲ್ಲಿ ಮೂರು ದಿನದಲ್ಲಿ ಮೂರು ಹೋಮ್ ರನ್. ಶುಕ್ರವಾರ ಮಳೆ, ಚಳಿ, ಕೈ ಮರಗಟ್ಟೋ ಹವೆ. ಮೊದಲ ಇನಿಂಗ್ಸಲ್ಲೇ ಮೂರು ರನ್ನಿಂದು ಹೊಡೆದ. ನನ್ನ ಮಗಳು ಅವನ ಮುಂಗಾಲು ನೋಡು ಅಂತಾಳೆ. ಹೊಡೆಯೋ ಮುಂಚೆ ಆ ಕಾಲನ್ನ ತೆರೆದು ಇಟ್ಟಿರ್ತಾನೆ, ಚೆಂಡು ಬರೋ ಹೊತ್ತಿಗೆ ಒಳಗೆ ತರ್ತಾನೆ. ಎಷ್ಟು ಜೋರಾಗಿ ಎಸೆದರೂ ಅವನಿಗೆ ಗಡಿಬಿಡಿ ಇಲ್ಲ.

ಇನ್ನೊಂದು ಮಜಾ ಗೊತ್ತಾ? ಇವನ ಅಪ್ಪ ಲೀ ಜೋಂಗ್ ಬೊಮ್ ಕೊರಿಯಾದಲ್ಲಿ ದೊಡ್ಡ ಆಟಗಾರ, ಅವರನ್ನ ಅಲ್ಲಿ "ಗಾಳಿಯ ಮಗ" ಅಂತಿದ್ರಂತೆ. ಅದಕ್ಕೆ ಇವನಿಗೆ "ಗಾಳಿಯ ಮೊಮ್ಮಗ" ಅಂತ ಹೆಸರು. ನಮ್ಮ ಅತ್ತೆಗೆ ಹೇಳಿದೆ. "ಅಯ್ಯೋ, ಅಂದ್ರೆ ಅವರಪ್ಪ ನಮ್ಮ ಆಂಜನೇಯ ಅಲ್ವೇನೇ" ಅಂದ್ರು. ಆವತ್ತಿಂದ ಲೀ ಬ್ಯಾಟಿಂಗ್ ಬಂದ್ರೆ ಅತ್ತೆ ಅಡುಗೆಮನೆಯಿಂದ ಬಂದು ನಿಂತ್ಕೊಂಡೇ ನೋಡ್ತಾರೆ. ಕೂರಲ್ಲ, ಕೂತ್ರೆ ಔಟಾಗ್ತಾನಂತೆ.

—

ಇರ್ವೈನ್ ಅಳಿಯ

ಅಕ್ಕಾ, ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆಂಜನೇಯ ನಿಮ್ಮ ಕಡೆ ಅಂದ್ಮೇಲೆ ನಾವು ಲಂಕೆಯವರೇ ಆಗ್ಬೇಕಲ್ಲ.

—

ಹೊಸಬ, ಸ್ಯಾನ್ ಹೋಸೆ

ಬೆಂಗಳೂರಿಂದ ಬಂದು ಎಂಟು ತಿಂಗಳು. ಆಫೀಸಿನವರು ಕರ್ಕೊಂಡು ಹೋಗಿದ್ರು, 9ನೇ ತಾರೀಖಿನ ಪಂದ್ಯಕ್ಕೇ. ನೀರಿಗೆ ಹೊಡೆದಿದ್ದು ಕಣ್ಣಾರೆ ನೋಡ್ದೆ, ಪಕ್ಕದವರು ಯಾರೋ ನನ್ನ ತಬ್ಕೊಂಡ್ರು, ಯಾಕೆ ಅಂತ ಆಮೇಲೆ ಗೊತ್ತಾಯ್ತು. ಎರಡು ದಡ್ಡ ಪ್ರಶ್ನೆ. ಹತ್ತನೇ ಇನಿಂಗ್ಸ್ ಶುರುವಾಗೋ ಮುಂಚೆನೇ ಎರಡನೇ ಬೇಸಲ್ಲಿ ಒಬ್ಬ ನಿಂತಿದ್ದ, ಅವನು ಏನೂ ಹೊಡೆದೇ ಇರಲಿಲ್ಲ. ಅದು ಹೆಂಗೆ? ಮತ್ತೆ ಒಬ್ಬ ಬೌಲರ್ ನೆಲಕ್ಕೆ ಕೈ ತಾಗಿಸೋ ಹಾಗೆ ಕೆಳಗಿಂದ ಎಸೆದ, ಅದಕ್ಕೆ ನೋ ಬಾಲ್ ಇಲ್ವಾ?

—

ಸನ್ನಿವೇಲ್ ಎಡಗೈ

ದಡ್ಡ ಪ್ರಶ್ನೆ ಅಲ್ಲ ಮಾರಾಯ. ಆ ಪುಕ್ಕಟೆ ರನ್ನರ್ ಸೂಪರ್ ಓವರ್ ಥರ ಒಂದು ಏರ್ಪಾಡು. 2020ರಲ್ಲಿ ತಂದರು, 2023ರಿಂದ ಕಾಯಂ. ಪಂದ್ಯ ರಾತ್ರಿ ಎರಡರ ತನಕ ಎಳೀಬಾರದು ಅಂತ. ಪ್ಲೇಆಫ್‌ನಲ್ಲಿ ಇರಲ್ಲ. ಹಳಬರಿಗೆ ಇದು ಕಂಡರೆ ಆಗಲ್ಲ. ನನಗೂ ಮೊದಲು ಆಗ್ತಿರಲಿಲ್ಲ, ಏಪ್ರಿಲ್ 4 ಆದ ಮೇಲೆ ಸ್ವಲ್ಪ ಸಮಾಧಾನ.

ಕೆಳಗಿಂದ ಎಸೆದವನು ಟೈಲರ್ ರೋಜರ್ಸ್. ಸಬ್‌ಮರೀನ್ ಅಂತಾರೆ. ಇಲ್ಲಿ ಕೈ ಮಡಚಬಹುದು, ಆದ್ದರಿಂದ ನೋ ಬಾಲ್ ಮಾತೇ ಇಲ್ಲ. ಅವನ ವೇಗ ಗಂಟೆಗೆ 83 ಮೈಲಿ ಆಸುಪಾಸು. ಬೇರೆಯವರು 95, 98 ಎಸೆಯೋ ಕಾಲದಲ್ಲಿ! ನಮ್ಮ ಲೆಕ್ಕದಲ್ಲಿ ಮಧ್ಯಮ ವೇಗಿ ಅಷ್ಟೇ. ಆದರೆ ಬ್ಯಾಟರ್ ಕಣ್ಣು ಮೇಲಿಂದ ಬರೋ ಚೆಂಡಿಗೆ ಒಗ್ಗಿರುತ್ತೆ, ಇದ್ದಕ್ಕಿದ್ದ ಹಾಗೆ ಹುಲ್ಲಿನಿಂದ ಎದ್ದು ಬಂದರೆ ಏನು ಮಾಡ್ತಾನೆ ಪಾಪ.

—

ಬ್ಲೀಚರ್ ಬಸಪ್ಪ

ತಡವಾಗಿ ಬಂದೆ. ನಾನು ಈ ಊರಿಗೆ ಬಂದಿದ್ದು ನಮ್ಮ ಎಡ ಮೈದಾನದ ದೊಡ್ಡ ಆಟಗಾರ ಬ್ಯಾರಿ ಬಾಂಡ್ಸ್ ಕಾಲದಲ್ಲಿ, ಒಂದು ವಿಷಯ ಯಾರೂ ಹೇಳಲಿಲ್ಲ, ಅದಕ್ಕೆ ಬರೀತಿದ್ದೀನಿ. ಎಲ್ಲರೂ ಹೊಡೆದವರ ಬಗ್ಗೆ ಮಾತಾಡ್ತೀರಿ, ಹಿಡಿಯೋರ ಬಗ್ಗೆ ಯಾರೂ ಇಲ್ಲ. ಮೂರನೇ ಬೇಸಲ್ಲಿ ಚಾಪ್‌ಮನ್, ಫೀಲ್ಡಿಂಗ್‌ಗೆ ಕೊಡೋ ಗೋಲ್ಡ್ ಗ್ಲವ್ ಪ್ರಶಸ್ತಿ ಐದು. ಹಿಂದೆ ಕ್ಯಾಚರ್ ಬೇಲಿ, ಕಳೆದ ವರ್ಷ ಅವನಿಗೂ ಗೋಲ್ಡ್ ಗ್ಲವ್. ಹೆಸರಿಗೆ ತಕ್ಕ ಹಾಗೆ ಬೇಲಿ ಕಣ್ರೀ, ಏನೂ ದಾಟಲ್ಲ. ಬ್ಯಾಟ್ ಹಿಡಿದಾಗ ಮಾತ್ರ ಬೇಲಿಗೆ ನೇತುಹಾಕಿದ ಬಟ್ಟೆ ಥರ ಆಗ್ತಾನೆ, ಅದು ಬೇರೆ ಮಾತು. ಆದರೆ ಅಂಚಲ್ಲಿ ಬಿದ್ದ ಚೆಂಡನ್ನ ಹಿಡಿದು ಅಂಪೈರ್ ಕೈಲಿ ಸ್ಟ್ರೈಕ್ (ಪಿಚರ್ ಪರ ತೀರ್ಪು) ಅನ್ನಿಸ್ತಾನಲ್ಲ, ಒಂದು ಪಂದ್ಯದಲ್ಲಿ ಅಂಥವು ನಾಲ್ಕೈದು ಸಿಕ್ಕರೂ ವೆಬ್‌ಗೆ ಒಂದು ಇನಿಂಗ್ಸ್ ಉಳಿಯುತ್ತೆ.

ಹೋಮ್ ರನ್ ಬರ್ತವೆ, ಹೋಗ್ತವೆ, ಜೂನಲ್ಲಿ ಫ್ಲೋರೆಸ್ ಮೊಣಕಾಲು ಮತ್ತೆ ಕೈಕೊಡಬಹುದು. ಹಿಡಿಯೋ ಕೈ ಅಷ್ಟು ಬೇಗ ಕೈಬಿಡಲ್ಲ. ಒಂದು ರನ್ನಿನ ಪಂದ್ಯ ಬರೀ ಅದೃಷ್ಟ ಅಂದ್ರಲ್ಲ ಎಡಗೈಯವರೇ, ಅರ್ಧ ಮಾತ್ರ ಒಪ್ತೀನಿ. ಒಳ್ಳೆ ಬುಲ್‌ಪೆನ್, ಒಳ್ಳೆ ಕೈ ಇದ್ದವರು ಅದೃಷ್ಟವನ್ನ ಸ್ವಲ್ಪ ತಮ್ಮ ಕಡೆ ವಾಲಿಸ್ಕೊಳ್ತಾರೆ. ನನ್ನ ಲೆಕ್ಕ 88.

ಎಡ ಮೈದಾನದ ಬಗ್ಗೆ ಒಂದು ಮಾತು. ಬಾಂಡ್ಸ್ 2007ರಲ್ಲಿ ಹೋದ ಮೇಲೆ ಪ್ರತಿ ವರ್ಷ ಮೊದಲ ಪಂದ್ಯದಲ್ಲಿ ಅಲ್ಲಿ ಬೇರೆ ಬೇರೆ ಮುಖ. ಈ ಸಲ ಹೀಲಿಯಟ್ ರಾಮೋಸ್. ಬಾಡಿಗೆ ಮನೆ ಆಗೋಗಿದೆ ಆ ಜಾಗ. ಈ ಹುಡುಗನಿಗಾದರೂ ಅದು ಸ್ವಂತದ್ದಾಗಲಿ.

—

ಸನ್ನಿವೇಲ್ ಎಡಗೈ

ಬಸಪ್ಪನವರೇ, ಹಿಡಿಯೋರ ಬಗ್ಗೆ ಬರೀದೇ ಇದ್ದದ್ದು ನನ್ನ ತಪ್ಪು. ಒಪ್ಪಿದೆ, 86 ಮಾಡ್ತೀನಿ, 88 ಕೊಡಲ್ಲ. ಇನ್ನೆರಡು ಕೊಡಬೇಕಾದ್ರೆ ವರ್ಲ್ಯಾಂಡರ್ ಬದಲು ಯಾರಾದರೂ ಆರು ಇನಿಂಗ್ಸ್ ಎಸೆಯೋ ಹುಡುಗ ಬೇಕು. ಲ್ಯಾಂಡನ್ ರೂಪ್ ಆಗಬಹುದು, ಅವನ ಕರ್ವ್‌ಬಾಲ್ ನೋಡಿದ್ರೆ ಆಸೆ ಹುಟ್ಟುತ್ತೆ. ಹೇಡನ್ ಬರ್ಡ್‌ಸಾಂಗ್‌ನ ಬುಲ್‌ಪೆನ್‌ನಲ್ಲಿ ಯಾಕೆ ಕೂರಿಸಿದ್ದಾರೋ ಗೊತ್ತಿಲ್ಲ. ಮೊದಲ ಬೇಸಿಗೆ ಬ್ರೈಸ್ ಎಲ್ಡ್ರಿಜ್ ಬರ್ತಾನೆ ಅಂತ ಎಲ್ಲರೂ ಕಾಯ್ತಿದ್ದೀರಿ, 20 ವರ್ಷದ ಹುಡುಗ, ಇನ್ನೂ ಮೈನರ್ ಲೀಗಲ್ಲಿದ್ದಾನೆ. ಎಳೇ ಕಾಯಿ ಕಿತ್ತು ಹಣ್ಣು ಮಾಡೋಕೆ ಹೋಗಬೇಡಿ.

ಈ ಪ್ರವಾಸ ಮುಗಿಯಲಿ. ಇವತ್ತಿಂದ ಫಿಲಡೆಲ್ಫಿಯಾದಲ್ಲಿ ನಾಲ್ಕು, ಆಮೇಲೆ ಅನಾಹೈಮ್‌ನಲ್ಲಿ ಮೂರು. ಫಿಲಿಸ್ ಕಳೆದ ವರ್ಷ 95 ಗೆದ್ದ ತಂಡ. ನಾಲ್ಕರಲ್ಲಿ ಎರಡು ಬಂದರೂ ನಾನು ಖುಷಿ.

—

ಹೊಸಬ, ಸ್ಯಾನ್ ಹೋಸೆ

ಇವತ್ತಿನ ಪಂದ್ಯ ಎಷ್ಟು ಗಂಟೆಗೆ ಸಾರ್?

—

ಗೆದ್ದೆತ್ತಿನ ಬಾಲ

ನಮ್ಮ ಟೈಮಿಗೆ 3:45. ಕ್ಯಾಲೆಂಡರಲ್ಲಿ "ಡೆಂಟಿಸ್ಟ್" ಅಂತ ಹಾಕು. ನಾನು ಹೋದ ವಾರವೇ ಎರಡು ಹಲ್ಲು ಕೀಳಿಸ್ಕೊಂಡಿದ್ದೀನಿ.

—

ಹೇವರ್ಡ್ ಅಕ್ಕ

ಅತ್ತೆ ಆಗಲೇ ಕೇಳಿದ್ರು, ಇವತ್ತು ಮೊಮ್ಮಗ ಆಡ್ತಾನಾ ಅಂತ. ಮಧ್ಯಾಹ್ನದ ನಿದ್ದೆ ಬೇಗ ಮುಗಿಸ್ತಾರಂತೆ.